ಒಳಲೆ

ಮೆಟ್ಟಿಲು ನಲವತ್ತೆರಡು. ನಾನು ಎಣಿಸಿದ್ದು ಆ ವರ್ಷ,
ಲಿಫ್ಟು ಹೆಣಕ್ಕೂ ಆಕ್ಸಿಜನ್ನಿಗೂ ಮೀಸಲಾದಾಗ.
ಮೇಲೆ ಕೆಂಪು ಟೇಪು ಕಟ್ಟಿದ ವಾರ್ಡು, ತಾಯಂದಿರು.
ಕೆಳಗೆ ಕೂಸುಗಳು.
ನಡುವೆ ನಾನು, ಆಯಾ ಹಾಲಮ್ಮ,
ಕೈಯಾಗ ಒಂದು ಸ್ಟೀಲಿನ ಒಳಲೆ,
ಅದರ ಮೂತಿಗೆ ಕುದಿಸಿದ ಬಟ್ಟೆ.

ಹೆಸರಿಗೆ ತಕ್ಕ ಕೆಲಸ ಸಿಕ್ತಲ್ಲ ಅಂತ
ಪಂಕಜಾ ಸಿಸ್ಟರ್ ನಕ್ಕದ್ದು
ಆ ಪ್ಲಾಸ್ಟಿಕ್ ಅಂಗಿಯೊಳಗಿಂದ ಕೇಳಿಸಲಿಲ್ಲ.
ಕಣ್ಣು ಸಣ್ಣಗಾದದ್ದು ಕಂಡಿತು.

ಆರನೇ ಮಂಚ ಶಾಹೀನಾ. ಗಂಡ ಮಂಡಕ್ಕಿ ಭಟ್ಟಿಯವ.
ಭಟ್ಟಿ ಆರಿ ತಿಂಗಳಾಗಿತ್ತು. ಆದರೂ
ಗೇಟಿನ ಪೊಲೀಸಪ್ಪನ ಕೈಗೆ
ಪೌಡರಿನ ಡಬ್ಬಿ ಕೊಟ್ಟು ಕಳಿಸಿದ್ದ,
ಕೈಗಡದ ಆರುನೂರು ರೂಪಾಯಿ,
ತಗಡಿನ ಮೇಲೆ ದುಂಡಗೆ ನಗುವ ಯಾರದೋ ಕೂಸು.

ಅತ್ತೆ ಫೋನಿನಾಗ:
ಮೊದಲ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು,
ಈಗಂತೂ ಅದರಾಗ ರೋಗ ಬೇರೆ.
ನಾನು ಫೋನು ಇಸಕೊಂಡೆ.
ಅಕ್ಕಾ, ಎಮ್ಮೆ ಈದರೆ ಗಿಣ್ಣು ಓಣಿಗೆಲ್ಲ ಹಂಚ್ತೀವಿ,
ಬೆಲ್ಲ ಹಾಕಿ ಕಾಸಿ ಬಟ್ಟಲು ನೆಕ್ತೀವಿ,
ನಮ್ಮ ಕೂಸಿನ ಗಿಣ್ಣು ಮಾತ್ರ ಮೋರಿಗೇನು?
ಆ ಕಡೆ ಸುಮ್ಮನಾಯಿತು. ಆಮೇಲೆ ಕೆಮ್ಮು.

ಹಿಂದಕ್ಕೆ ಒತ್ತು, ಆಮೇಲೆ ಹಿಂಡು, ಅವಸರ ಬ್ಯಾಡ,
ಸಿಸ್ಟರ್ ಗ್ಲೌಸಿನ ಬೆರಳಾಗ ತೋರಿಸಿದರು.
ಶಾಹೀನಾ ಅತ್ತಳು. ಮಾಸ್ಕು ನೆನೆಯಿತು, ಬದಲಿಸಿದೆವು.
ಹತ್ತು ಹನಿ.
ಜೋಳ ತೊಳೆದ ನೀರಿನ ಬಣ್ಣ.
ನಲವತ್ತೆರಡು ಮೆಟ್ಟಿಲು ಇಳಿದೆ
ತುಂಬಿದ ಕೊಡ ಹೊತ್ತವಳ ಹಂಗ.

ನಮ್ಮವ್ವ ಕಾಟನ್ ಮಿಲ್ಲಿನಾಗ ಇದ್ದಳು.
ಭೋಂಗಾ ಆದೊಡನೆ ಅಜ್ಜಿ ನನ್ನ ಎತ್ತಿಕೊಂಡು ಗೇಟಿಗೆ ಓಡೋಳಂತೆ,
ಕಂಬಿಯ ಸಂದಿಯಾಗ ಅವ್ವನ ಎದೆ,
ಹತ್ತು ನಿಮಿಷ.
ಅವಳ ಸೆರಗಿನ ಅರಳೆ ನನ್ನ ಮೂಗಿಗೆ ಮೆತ್ತಿ
ಹಾಲಿಗಿಂತ ಮೊದಲು ಸೀನು ಬರ್ತಿತ್ತಂತೆ.
ಕಂಬಿ ಇತ್ತಲ್ಲ ಅವ್ವಾ ಅಂದರೆ,
ಹ್ಞೂಂ, ಬಿಸಿಲಿಗೆ ಕಾದಿರ್ತಿತ್ತು ಅನ್ನೋಳು, ಅಷ್ಟೇ.

ಒಂಬತ್ತನೇ ಮಂಚದ ಕೊಟ್ರಮ್ಮನ ಹಾಲಿಗೆ
ಒಂದು ಮಧ್ಯಾಹ್ನ ಹೋದೆ.
ಮಂಚದ ಮೇಲೆ ಹೊಸ ಹಾಸು. ಐಸಿಯುಗೆ ಒಯ್ದರು ಅಂದರು.
ಖಾಲಿ ಒಳಲೆ ಹಿಡಿದು ಇಪ್ಪತ್ತನೇ ಮೆಟ್ಟಿಲಿಗೆ ಕುಂತೆ,
ಎಷ್ಟು ಹೊತ್ತೋ.
ಶಾಹೀನಾ ತನ್ನ ಡಬ್ಬಿ ಮುಂದೆ ಸರಿಸಿದಳು,
ಆ ಕೂಸಿಗೆ ಒಡೀರಿ.
ಅಳತೆ ಚಮಚೆ ಒಳಗೇ ಹೂತಿತ್ತು, ಹುಡುಕಿ ತೆಗೆದೆ.

ಐದನೇ ದಿನ ಪ್ರಫುಲ್ಲಾ ಡಾಕ್ಟರು ಕಾಗದ ಹಿಡಿದು ಬಂದರು:
ತಾಯಿ ಕೂಸು ಕೂಡಿಯೇ ಇರಲಿ,
ಕೈ ತೊಳೆಯಲಿ, ಮಾಸ್ಕು ಇರಲಿ,
ಎದೆ ಬಿಡಿಸಬೇಡಿ.
ಮೊದಲ ದಿನವೇ ನಾನು ಇದನ್ನೇ ಬಡಕೊಂಡಿದ್ದೆ,
ಅಂದರು ಗೋಡೆಗೆ,
ಗೋಡೆಗೇ ಅಂಟಿಸಿದರು ಕಾಗದವನ್ನ.

ಅವತ್ತು ಕೈಯಾಗ ಒಳಲೆ ಅಲ್ಲ, ಕೂಸು.
ಮೆಟ್ಟಿಲು ಎಣಿಸಲಿಲ್ಲ.
ಶಾಹೀನಾ ಮೊಣಕೈ ತನಕ ಮೂರು ಸಲ ತೊಳೆದಳು,
ನಾಕನೇ ಸಲಕ್ಕೆ ನಾನೇ ನಲ್ಲಿ ಬಂದ್ ಮಾಡಿದೆ.
ಮೂಗಿನ ಕೆಳಗೆ ಅಮ್ಮ ಹೆಂಗಿರ್ತಾಳೆ
ಆ ಕೂಸಿಗೆ ಗೊತ್ತಿಲ್ಲ.
ಮಾಸ್ಕಿನ ದಾರ ಎಳೆಯಿತು, ಒದರಿತು,
ಅತ್ತ ಹುಡುಕಿತು, ಇತ್ತ ಹುಡುಕಿತು.
ತಡಿ, ಬಾಯಿ ದೊಡ್ಡದಾಗಿ ತೆರೀಲಿ, ಅಂದರು ಸಿಸ್ಟರ್,
ತುರುಕಬ್ಯಾಡ.
ಸೋಪು, ಸ್ಪಿರಿಟ್ಟು, ಫಿನಾಯಿಲು,
ಎಲ್ಲದರ ಕೆಳಗೆ ಎಂಥದೋ ಒಂದು ವಾಸನೆ ಅದಕ್ಕೆ ಸಿಕ್ಕಿತು.
ಕಚ್ಚಿತು.

ಗುಟುಕು ನನಗೆ ಕೇಳಿಸಲಿಲ್ಲ, ಕಿವಿ ತುಂಬ ಪ್ಲಾಸ್ಟಿಕ್ಕು.
ದವಡೆ ಆಡೋದು ಕಂಡಿತು,
ಕಿವಿಯ ಹಿಂದಿನ ಸಣ್ಣ ಎಲುಬೂ.

ವರ್ಷದ ಕೊನೆಗೆ ಸ್ಟಾಕ್ ರಿಜಿಸ್ಟರ್ ತೆಗೆದರು:
ಒಳಲೆ, ಸ್ಟೀಲು, ಒಂದು ಕಮ್ಮಿ.
ಹಾಲಮ್ಮ, ಏನಾದರೂ ಗೊತ್ತೈತಾ?
ಇಲ್ಲ ಸಿಸ್ಟರ್ ಅಂದೆ.
ಅವರ ಕಣ್ಣು ಸಣ್ಣಗಾದವು. ಮಾಸ್ಕು ಇರಲಿಲ್ಲ ಆಗ,
ನಗು ಪೂರಾ ಕಂಡಿತು.